ಮೊದಲು ಎಲೆ, ಮತ್ತೆ ಅನ್ನ

…ಆಗುವುದಿಲ್ಲ ಅಂತ ಮೊದಲು ಹೇಳಿದ್ದು ಉಮಾನಾಥ ಬಾವ. ನನ್ನ ಸ್ವಂತ ಅಕ್ಕನ ಗಂಡ ಮಾರಾಯ್ತಿ, ಬೇರೆ ಯಾರೂ ಅಲ್ಲ! ಇದೇ ಹಿರಿಯಡ್ಕ ಪೇಟೆಯಲ್ಲಿ, ಅವರ ಮೋಟಾರ್ ರಿಪೇರಿ ಅಂಗಡಿಯ ಎದುರು, ನಾಲ್ಕು ಜನ ಎಳನೀರಿನ ಬೊಂಡ ಕುಡಿಯುತ್ತಾ ನಿಂತಿದ್ದಾಗ… "ಪುಷ್ಪಾ, ನೀನು ಬೀಡಿ ಕಟ್ಟು. ಬೀಡಿ ಕಟ್ಟುವ ಕೈಗೆ ಕರೆಂಟು ಬಗ್ಗುವುದಿಲ್ಲ" ಅಂದರು. ನಾಲ್ಕೂ ಜನ ನಗಾಡಿದರು. ಬೊಂಡ ಕೆತ್ತುವವನೂ ನಗಾಡಿದ, ಕತ್ತಿ ಕೈಯಲ್ಲಿ ಹಿಡಿದುಕೊಂಡೇ!

ಈ ಕತೆ ನೀನು ನೂರು ಸಲ ಕೇಳಿದ್ದೀ, ಗೊತ್ತುಂಟು. ನೂರಾ ಒಂದನೇ ಸಲ ಕೇಳು. ಅದನ್ನು… ಅದನ್ನು ಮೇಜಿನ ಮೇಲೆ ಇಡಬೇಡ ರೀನಾ. ಚೀಲದಲ್ಲಿಯೇ ಇರಲಿ. ನೋಡುವ, ನೋಡುವ. ಸುಟ್ಟುಹೋದ ಚಾರ್ಜ್ ಕಂಟ್ರೋಲರ್ ಎದ್ದು ಓಡಿ ಹೋಗ್ತದಾ? ಅವಸರ ಎಂತದು? ಶಂಕರಪುರದಲ್ಲಿ ನಿಮ್ಮ ಮೀಟಿಂಗ್ ಇರುವುದು ನಾಲ್ಕು ಗಂಟೆಗೆ. ಈಗ ಹನ್ನೆರಡೂ ಆಗಲಿಲ್ಲ. ಕೂತುಕೋ. ನಿನ್ನ ಸ್ಟೂಲ್ ಅಲ್ಲಿಯೇ ಉಂಟು. ನೀನು ಹೋದ ಮೇಲೆ ಅದರ ಮೇಲೆ ಯಾರೂ ಕೂರಲಿಲ್ಲ. ಧೂಳು ಒರೆಸ್ತೇನೆ ತಡಿ… ಇಗೋ.

ಚಾ ಬಂತು. ತೆಗೊ. ಸಕ್ಕರೆ ಕಡಿಮೆ ಹಾಕಲಿಕ್ಕೆ ಹೇಳಿದ್ದೇನೆ, ನಿನಗೆ ಹಾಗೆಯೇ ಆಗಬೇಕಲ್ವಾ.

ಹಾಂ, ಬಾವ. ಬಾವ ಒಂದು ದಿನ, ಸೋಲಾರಿನ ಕರೆಂಟನ್ನು ಅಳೆದು ಬ್ಯಾಟರಿಗೆ ಬಿಡ್ತದಲ್ಲಾ, ಆ ಕಂಟ್ರೋಲರ್ ಹೊಸದು ತಂದು, ಪೆಟ್ಟಿಗೆ ಒಡೆದು, ಅದರೊಳಗಿನ ಸಣ್ಣ ಪುಸ್ತಕವನ್ನು ಚರಂಡಿಗೆ ಎಸೆದರು. ಹೇಗೆ ಜೋಡಿಸುವುದು ಅಂತ ಬರೆದಿರ್ತದಲ್ಲಾ, ಆ ಪುಸ್ತಕ. ಅವರಿಗೆ ಅದೆಲ್ಲ ಎಂತಕ್ಕೆ, ಅವರು ಗಂಡಸರು, ಹುಟ್ಟುವಾಗಲೇ ಗೊತ್ತಿರ್ತದೆ! ನಾನು ಹೆಕ್ಕಿಕೊಂಡೆ. ಒದ್ದೆಯಾಗಿತ್ತು, ಮನೆಗೆ ತಂದು ಬೀಡಿ ಕಟ್ಟುವ ಮೊರದಲ್ಲಿ ಎಲೆಯ ಜತೆಯೇ ಒಣಗಿಸಿದೆ. ಎಲ್ಲ ಇಂಗ್ಲಿಷು. ನಾನು ಓದಿದ್ದು ಏಳು, ಅದೂ ಕನ್ನಡ ಶಾಲೆ. ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ರ ಹಳೆ ಪುಸ್ತಕದವನಿಂದ ಒಂದು ಡಿಕ್ಷನರಿ ತೆಗೊಂಡೆ. ಮುಂದಿನ ಹಾಳೆಗಳೇ ಇರಲಿಲ್ಲ ಅದಕ್ಕೆ. ಹಾಗಾಗಿ ಎ ಅಕ್ಷರದಿಂದ ಶುರುವಾಗುವ ಇಂಗ್ಲಿಷು ನನಗೆ ಇವತ್ತಿಗೂ ಅರ್ಧ ಬರುವುದಿಲ್ಲ! ಒಂದು ದಿನಕ್ಕೆ ಒಂದು ಗೆರೆ. ಮೊದಲ ಅಕ್ಷರದಿಂದ ಕೊನೆಯ ಗೆರೆವರೆಗೆ. ಕಟ್ಟಕಡೆಗೆ ಯಾವ ದೇಶದಲ್ಲಿ ಮಾಡಿದ್ದು ಅಂತ ಇರ್ತದಲ್ಲಾ, ಅದನ್ನೂ ಬಿಡಲಿಲ್ಲ. ಅಂದಿನಿಂದ ಇಂದಿನವರೆಗೆ ಕೊನೆಯ ಗೆರೆ ಓದದೆ ನಾನು ಒಂದು ಕಾಗದವನ್ನು ಕೆಳಗಿಟ್ಟವಳಲ್ಲ. ಮದುವೆ ಕಾಗದ ಬಂದರೂ ಅಷ್ಟೇ, ಪ್ರೆಸ್ಸಿನ ಹೆಸರಿನವರೆಗೆ ಓದ್ತೇನೆ.

ಅದರಲ್ಲಿ ಒಂದು ಶಬ್ದ, ಫ್ಲೋಟ್. ಡಿಕ್ಷನರಿಯಲ್ಲಿ ನೋಡಿದರೆ ತೇಲು ಅಂತ ಉಂಟು. ಬ್ಯಾಟರಿ ತುಂಬಿದ ಮೇಲೆ ತೇಲಿನಲ್ಲಿ ಇಡಬೇಕು! ನಾನು ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಬಾವನ ಹತ್ರವೇ ಕೇಳಿದೆ, "ಬಾವ, ಬ್ಯಾಟರಿಯನ್ನು ಬಾವಿಗೆ ಇಳಿಸಬೇಕಾ, ಅಲ್ಲ ಕೊಪ್ಪರಿಗೆಯಲ್ಲಿ ತೇಲಿಸಿದರೆ ಸಾಕಾ?"

ಎಂತಕ್ಕೆ ನಗಾಡ್ತೀ? ನಗಾಡು, ನಗಾಡು. ಮೊದಲ ಸಲ ಕೇಳಿದಾಗಲೂ ಹೀಗೆಯೇ ಬಾಯಿಗೆ ಕೈ ಅಡ್ಡ ಹಿಡಿದು ನಗಾಡಿದ್ದಿ. ಪೇಟೆಯವರೂ ಆರು ತಿಂಗಳು ನಗಾಡಿದರು. ದಾರಿಯಲ್ಲಿ ಹೋದರೆ, "ಪುಷ್ಪಕ್ಕಾ, ಬ್ಯಾಟರಿಗೆ ಈಜು ಬಂತಾ?" ಅಂತ! ಆಮೇಲೆ ಗೊತ್ತಾಯ್ತು, ತುಂಬಿದ ಬ್ಯಾಟರಿಗೆ ಮತ್ತೆ ಸುರಿಯಬೇಡ, ಹನಿ ಹನಿ ಕೊಟ್ಟು ಹಾಗೆಯೇ ಇಟ್ಟುಕೋ ಅಂತ ಅದರ ಅರ್ಥ. ಯಾರೂ ಹೇಳಿಕೊಡಲಿಲ್ಲ. ನಾನೇ ಮೀಟರ್ ಹಿಡಿದು, ಮೂರು ದಿನ ಸೂಜಿ ನೋಡುತ್ತಾ ಕೂತು ಕಂಡುಹಿಡಿದದ್ದು.

ಈಗ ನೋಡು. ಅಜೆಕಾರಿನಿಂದ ಕಾಪುವರೆಗೆ ನಾನು ಹತ್ತದ ಮನೆಯ ಮಾಡು ಯಾವುದುಂಟು? ಬಾವನ ಮನೆಯ ಪ್ಯಾನಲ್ ಕೂಡ ನಾನೇ ಹಾಕಿದ್ದು. ಬಾವ ಕೆಳಗೆ ನಿಂತು ಏಣಿ ಹಿಡಿದುಕೊಂಡಿದ್ದರು. ಏಣಿ!

ಆಯ್ತು, ನನ್ನ ಕತೆ ಬಿಡು. ನಿನ್ನದು ಹೇಳುವ. ಸೋಮವಾರ ಸುಟ್ಟದ್ದಲ್ವಾ? ಮೊಂತಿ ಹಬ್ಬದ ದಿನ. ನೀವೆಲ್ಲ ಹೊಸ ತೆನೆಯ ಪೂಜೆಗೆ ಇಗರ್ಜಿಗೆ ಹೋಗಿದ್ದಿರಿ, ಬಂದು ನೋಡುವಾಗ ನೀನು ಮಾಡಿಕೊಟ್ಟ ಹೂವಿನ ತಣ್ಣನೆ ಪೆಟ್ಟಿಗೆ ಬಿಸಿಯಾಗಿತ್ತು, ಫ್ಯಾನ್ ನಿಂತಿತ್ತು, ಕಂಟ್ರೋಲರ್ ಕರಟಿ ಹೋಗಿತ್ತು. ಹನ್ನೆರಡು ಮನೆಯವರು ಚೌತಿಗೆ ಅಂತ ಇಟ್ಟ ಮಲ್ಲಿಗೆ. ಚೆಂಡು ಕಟ್ಟಿ ಅಟ್ಟೆ ಅಟ್ಟೆ ಲೆಕ್ಕದಲ್ಲಿ ಇಟ್ಟದ್ದು ಅರಳಿ ಹಳದಿಯಾಗಿ… ಛೆ. ಹೂ ಅರಳಿದ ಮೇಲೆ ಯಾರು ತೆಗೊಳ್ತಾರೆ? ಕೇಳಿದೆ, ಎಲ್ಲ ಕೇಳಿದೆ. ವೆರೊನಿಕಾ ಬಾಯಿ ನನಗೆ ಫೋನ್ ಮಾಡಿದ್ದರು. ಮಲ್ಲಿಗೆ ಗುಂಪಿನ ಅಧ್ಯಕ್ಷರಲ್ವಾ, ಅವರ ಹಿತ್ತಿಲಲ್ಲಿಯೇ ಶೆಡ್ಡು ಇರುವುದಲ್ವಾ, ಅವರಿಗೆ ತಲೆಬಿಸಿ ಜಾಸ್ತಿ. "ಪುಷ್ಪಾವತಿಯವರೇ, ಆ ಹುಡುಗಿಯಿಂದ ಆಗುವುದಿಲ್ಲ ಅಂತ ಕಾಣ್ತದೆ. ನೀವು ಒಮ್ಮೆ ಬಂದು ಹೇಳಿ. ನೀವು ಅವಳ ತಪ್ಪು ಅಂದರೆ ತಪ್ಪು, ಅಲ್ಲ ಅಂದರೆ ಅಲ್ಲ. ತಪ್ಪಾದರೆ ಹೊರಗಿನ ಕಂಪೆನಿಗೆ ಕೊಟ್ಟುಬಿಡ್ತೇವೆ" ಅಂದರು.

ನೋಡಿದೆಯಾ, ನಿನಗೂ ಒಬ್ಬರು ಆಗುವುದಿಲ್ಲ ಅಂದರು! ಅದೊಂದು ಆಗಬೇಕಿತ್ತು ನಿನಗೆ. ನಾನು ಕೆಟ್ಟದ್ದು ಬಯಸಿ ಹೇಳುವುದಲ್ಲ… ಆದರೆ ಆ ಮಾತು ಕೇಳದೆ ಈ ಕೆಲಸದಲ್ಲಿ ಯಾರೂ ಗಟ್ಟಿಯಾಗುವುದಿಲ್ಲ. ನಿನಗೆ ಎಲ್ಲ ಸಲೀಸಾಗಿ ಸಿಕ್ಕಿತು ರೀನಾ. ಸಲೀಸಾಗಿ! ಆರು ವರ್ಷದ ಹಿಂದೆ ನಿನ್ನ ಮಮ್ಮಿ ರೋಸಲಿನ್ ಬಾಯಿ ನಿನ್ನ ಕೈ ಹಿಡಿದುಕೊಂಡು ಈ ಬಾಗಿಲಲ್ಲಿ ನಿಂತಾಗ ನಾನು ಆಗುವುದಿಲ್ಲ ಅಂದೆನಾ? ಪಿಯುಸಿಯಲ್ಲಿ ಫಿಸಿಕ್ಸ್ ಹೋಗಿದೆ ಅಂತ ಅಳ್ತಾ ಇದ್ದಿ. ನಾನು ಎಂತ ಅಂದೆ? ಫಿಸಿಕ್ಸಿಗೆ ನೀನು ಬೇಡವಾದರೆ ನನಗೆ ಬೇಕು ಅಂದೆ. ಆವತ್ತೇ ಹೋಗಿ ಎರಡನೇ ಸ್ಟೂಲ್ ತಂದೆ.

ಮೊದಲ ದಿನವೇ ನೀನು ಎಂತ ಮಾಡಿದ್ದು, ಹೇಳು? ಪ್ಯಾನಲಿನ ವಯರನ್ನು ಸೀದಾ ತಂದು ಕಂಟ್ರೋಲರಿಗೆ ಸಿಕ್ಕಿಸಲಿಕ್ಕೆ ಹೊರಟದ್ದು! ನಾನು ನಿನ್ನ ಕೈಗೆ ಒಂದು ಬಿಟ್ಟೆ. ಕಂಟ್ರೋಲರಿಗೆ ಬ್ಯಾಟರಿ ಯಾವುದು, ಹನ್ನೆರಡು ವೋಲ್ಟಿನದ್ದಾ ಇಪ್ಪತ್ತನಾಲ್ಕರದ್ದಾ, ಅದು ಬ್ಯಾಟರಿಯ ಮುಖ ನೋಡಿಯೇ ತಿಳಿದುಕೊಳ್ಳುವುದು. ಬ್ಯಾಟರಿ ಇಲ್ಲದೆ ಪ್ಯಾನಲ್ ಕೊಟ್ಟರೆ, ಬಿಸಿಲಿನದ್ದೆಲ್ಲ ಎಲ್ಲಿ ಹೋಗಬೇಕು? ನಿನಗೆ ಅರ್ಥ ಆಗಲಿಲ್ಲ. ಮಾರನೇ ದಿನ ಪುನಃ ಅದೇ. ಮೂರನೇ ದಿನ ಪುನಃ ಅದೇ. ಆಗ ಒಂದು ಮದುವೆ ಊಟದಲ್ಲಿ ಇಬ್ಬರೂ ಕೂತಿದ್ದಾಗ ನನಗೆ ಹೊಳೆಯಿತು. "ನೋಡು ರೀನಾ, ಬ್ಯಾಟರಿ ಅಂದರೆ ಎಲೆ. ಪ್ಯಾನಲ್ ಅಂದರೆ ಅನ್ನ. ಎಲೆ ಹಾಕದೆ ಯಾರಾದರೂ ಅನ್ನ ಬಡಿಸ್ತಾರಾ? ಹಾಕುವಾಗ ಮೊದಲು ಎಲೆ, ಮತ್ತೆ ಅನ್ನ. ತೆಗೆಯುವಾಗ ಮೊದಲು ಅನ್ನ ನಿಲ್ಲಿಸಬೇಕು, ಕೊನೆಗೆ ಎಲೆ ಎತ್ತಬೇಕು." ನಿನಗೆ ಅದು ಒಮ್ಮೆಗೇ ತಲೆಗೆ ಹೋಯಿತು. ಎದುರಿನ ಸಾಲಿನವರೆಲ್ಲ ಇವರಿಗೆ ಎಂತ ಹುಚ್ಚು ಅಂತ ನೋಡ್ತಾ ಇದ್ದರು, ನೀನು ಪಾಯಸದಲ್ಲಿ ಬೆರಳು ಅದ್ದಿ ಎಲೆಯ ಮೇಲೆ ಪ್ಲಸ್ಸು ಮೈನಸ್ಸು ಬರೀತಾ ಇದ್ದಿ!

ಆ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ನಾನು ಮಾಡಿದ್ದು. ನನ್ನದು.

ನಾಲ್ಕು ವರ್ಷ ರೀನಾ. ನಿನ್ನ ಮಮ್ಮಿಯ ಬಂಗುಡೆ ಗಸಿ ನನ್ನ ಡಬ್ಬಿಗೆ, ನನ್ನ ಪತ್ರೊಡೆ ನಿನ್ನ ಡಬ್ಬಿಗೆ. ಸ್ಕ್ರೂ ಬಿಗಿಯುವುದು ಕೂಡ ನಾನು ಕಲಿಸಿದ್ದು. ಬಿಗಿದಾದ ಮೇಲೆ ತಲೆಯ ಮೇಲಿನ ಗೀಟು ಎಲ್ಲ ನೆಟ್ಟಗೆ ಒಂದೇ ದಿಕ್ಕಿಗೆ ನಿಲ್ಲಬೇಕು. ಒಂದು ಸಡಿಲವಾದರೆ ದೂರದಿಂದಲೇ ಗೊತ್ತಾಗ್ತದೆ. ಈ ಊರಿನಲ್ಲಿ ಯಾರ ಪೆಟ್ಟಿಗೆಯಾದರೂ ನೋಡು, ಗೀಟು ನೆಟ್ಟಗಿದ್ದರೆ ಅದು ಪುಷ್ಪಕ್ಕನ ಕೆಲಸ. ನೀನೂ ಹಾಗೆಯೇ ಮಾಡ್ತಾ ಇದ್ದಿ. ಆಮೇಲೆ ಮಣಿಪಾಲಕ್ಕೆ ಹೋದಿ.

ಎರಡು ತಿಂಗಳ ಕೋರ್ಸು! ಎರಡೇ ತಿಂಗಳು! ಬಂದವಳು ಎಂತ ಹೇಳಿದಿ? "ಪುಷ್ಪಕ್ಕಾ, ಗೀಟು ಎತ್ತ ಇದ್ದರೂ ಆಗ್ತದಂತೆ. ಬಿಗಿ ಸರಿ ಇದ್ದರೆ ಸಾಕು ಅಂತ ಕೀರ್ತನ್ ಸರ್ ಹೇಳಿದ್ದಾರೆ." ಅಂದಿನಿಂದ ಗೀಟು ನೆಟ್ಟಗೆ ನಿಲ್ಲಿಸುವುದನ್ನೇ ಬಿಟ್ಟಿ. ಕೀರ್ತನ್ ಸರ್! ದಿನಕ್ಕೆ ಎಪ್ಪತ್ತು ಸಲ ಕೀರ್ತನ್ ಸರ್. ನೋಡಿದ್ದೇನೆ ನಾನು ಆ ನಿನ್ನ ಸರ್ ಅನ್ನು. ಕಿಸೆಯಲ್ಲಿ ಮೂರು ಪೆನ್ನು, ಕಾಲಲ್ಲಿ ಬಿಳಿ ಶೂ. ಬಿಳಿ ಶೂ ಹಾಕಿದವರು ಮಾಡು ಹತ್ತುತ್ತಾರಾ? ಪಾಚಿ ಹಿಡಿದ ಹಂಚಿನ ಮೇಲೆ ಒಂದು ಕಾಲು ಇಡಲಿ ನೋಡುವ! ಪಾಠ ಮಾಡಬಹುದು, ಎಸಿ ಕೋಣೆಯಲ್ಲಿ.

ಇಲ್ಲ, ನನಗೆ ಹೊಟ್ಟೆಕಿಚ್ಚು ಎಂತದೂ ಇಲ್ಲ. ಎಂತಕ್ಕೆ ಹೊಟ್ಟೆಕಿಚ್ಚು? ನೀನು ಬೇರೆ ಬೋರ್ಡು ಹಾಕಿದಿ, ಹಾಕು. ರೀನಾ ಸೋಲಾರ್ ಸರ್ವಿಸ್. ಒಳ್ಳೆ ಹೆಸರು. ಮಲ್ಲಿಗೆ ಗುಂಪಿನವರು ಮೊದಲು ನನ್ನ ಹತ್ರ ಬಂದು, ಇಲ್ಲಿಯೇ ನಿಂತು ಎಲ್ಲ ವಿಚಾರಿಸಿ, ಚಾ ಕುಡಿದು ಹೋಗಿ ಕೆಲಸ ನಿನಗೆ ಕೊಟ್ಟರು, ಕೊಡಲಿ. ಪೇಪರಿನಲ್ಲಿ ನಿನ್ನ ಫೋಟೋ ಬಂತು, ಬರಲಿ! ಹೂವಿಗೆ ತಣ್ಣನೆ ಪೆಟ್ಟಿಗೆ ಮಾಡಿದ ಹುಡುಗಿ ಅಂತ. ಹೆಮ್ಮೆಯೇ ಆಯ್ತು. ನಾನು ಅದನ್ನು ಓದಿದೆ, ಕೊನೆಯ ಗೆರೆವರೆಗೆ. ಮಣಿಪಾಲದಲ್ಲಿ ತರಬೇತಿ ಪಡೆದ ಅಂತ ಉಂಟು. ಹಿರಿಯಡ್ಕ ಅಂತ ಇಲ್ಲ. ಮೂರು ಸಲ ಓದಿದೆ. ಹಿರಿಯಡ್ಕ ಅಂತ ಎಲ್ಲಿಯೂ ಇಲ್ಲ.

ಎಂತ? ಅವರು ಬರೆಯಲಿಲ್ಲ, ನೀನು ಹೇಳಿದ್ದೀ ಅಂತಲಾ? ಹೌದು ಅಂತ ತಲೆ ಆಡಿಸ್ತೀ. ಇರಬಹುದು. ಪೇಪರಿನವರಿಗೆ ಜಾಗ ಇರಲಿಲ್ಲ ಅಂತ ಇಟ್ಟುಕೊಳ್ಳುವ. ಶೆಡ್ಡಿನ ಉದ್ಘಾಟನೆಗೆ? ನನಗೆ ಬಂದದ್ದು ವಾಟ್ಸ್‌ಆಪಿನಲ್ಲಿ ಒಂದು ಕಾರ್ಡು. ಊರಿಗೆಲ್ಲ ಬಂದದ್ದೇ. ನಾನು ಬರಲಿಲ್ಲ. ಆಮೇಲೆಯೂ ಬರಲಿಲ್ಲ. ನಿನ್ನ ಆ ಶೆಡ್ಡು ಯಾವ ದಿಕ್ಕಿಗೆ ಉಂಟು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಆಯ್ತು, ತೆಗಿ ಅದನ್ನು. ಎಷ್ಟು ಹೊತ್ತು ಅಂತ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂರುವುದು… ಹ್ಞೂಂ. ಕರಟಿದೆ. ಬ್ಯಾಟರಿಯ ವಯರು ಸಿಕ್ಕಿಸುವ ಬಾಯಿಯ ಹತ್ರ ಕಪ್ಪು. ನೋಡಿದರೆ ಗೊತ್ತಾಗ್ತದಲ್ವಾ. ಪ್ಯಾನಲ್ ಇರುವಾಗಲೇ ಬ್ಯಾಟರಿ ಬಿಟ್ಟಿದೆ. ಎಲೆ ಇಲ್ಲದೆ ಅನ್ನ ಬಿದ್ದಿದೆ. ನೀನೇ ಎಲ್ಲಿಯೋ ತಪ್ಪಿದ್ದೀ.

ಅಲ್ವಾ? ಮೂರು ತಿಂಗಳು ಸರಿ ನಡೀತಾ ಇತ್ತು ಅಂತಲಾ? ಆದಿತ್ಯವಾರ ಬ್ಯಾಟರಿಗೆ ನೀರು ಹಾಕಿದ್ದೀಯಂತೆ ನೀನು, ವೆರೊನಿಕಾ ಬಾಯಿಯೇ ಹೇಳಿದರು. ಆಗ ವಯರು ತೆಗೆದು ಪುನಃ ಹಾಕುವಾಗ ಸರಿ ಬಿಗಿದಿರಲಿಕ್ಕಿಲ್ಲ. ಇಗರ್ಜಿಗೆ ಹೋಗುವ ಗಡಿಬಿಡಿ. ಆಗ್ತದೆ, ಯಾರಿಗೂ ಆಗ್ತದೆ. ಅಳಬೇಡ. ಅಳ್ತಾ ಇಲ್ವಾ? ಮತ್ತೆ ಕಣ್ಣು ಯಾಕೆ ಹಾಗೆ?

ಕೇಳು. ನಾನು ಎಲ್ಲ ಯೋಚನೆ ಮಾಡಿದ್ದೇನೆ. ನಾಲ್ಕು ಗಂಟೆಗೆ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿಯೇ ಹೋಗುವ. ನಾನು ಎದ್ದು ನಿಂತು ಹೇಳ್ತೇನೆ, "ಹುಡುಗಿಗೆ ಕೈ ಉಂಟು, ಕಣ್ಣುಂಟು, ಆದರೆ ಇನ್ನೂ ಅವಸರ. ತಪ್ಪಾಗಿದೆ. ಇನ್ನು ಮುಂದೆ ನನ್ನ ಜತೆ ಇದ್ದು ಮಾಡ್ತಾಳೆ, ಜವಾಬ್ದಾರಿ ನನ್ನದು." ಆಯ್ತಲ್ಲಾ? ಪುಷ್ಪಕ್ಕ ಹೇಳಿದ ಮೇಲೆ ವೆರೊನಿಕಾ ಬಾಯಿ ಎರಡನೇ ಮಾತಾಡುವುದಿಲ್ಲ. ನೀನು ಪುನಃ ಇಲ್ಲಿ. ಬೋರ್ಡಿನಲ್ಲಿ ಬೇಕಾದರೆ ನಿನ್ನ ಹೆಸರೂ ಬರೆಸುವ, ಕೆಳಗೆ, ಸ್ವಲ್ಪ ಸಣ್ಣದಾಗಿ. ನಾಳೆಯಿಂದಲೇ ಬಾ. ಅಜೆಕಾರಿನಲ್ಲಿ ಒಂದು ಮನೆ ಉಂಟು, ನನ್ನ ಮೊಣಕಾಲು ಈಗ ಏಣಿಗೆ ಒಪ್ಪುವುದಿಲ್ಲ ಮಾರಾಯ್ತಿ, ನೀನು ಮೇಲೆ ಹತ್ತಿದರೆ ನಾನು ಕೆಳಗಿನಿಂದ…

ತಲೆ ಅಲ್ಲಾಡಿಸ್ತೀ.

ಬೇಡವಾ? ತಪ್ಪು ನಿನ್ನದಲ್ಲ ಅಂತಲಾ? ಅಲ್ಲ, ನಿನಗೆ ಬೇಡದ್ದು ಅದಲ್ಲ. ನನಗೆ ಗೊತ್ತಿಲ್ವಾ? ನಿನಗೆ ಬೇಡವಾದದ್ದು ನಾನು. ನನ್ನ ಕೆಲಸ ಬೇಕು, ನನ್ನ ಮಾತು ಬೇಕು, ನಾನು ಬೇಡ! ಆ ಪೆಟ್ಟಿಗೆಯೊಳಗೆ ಚೆಂದದ ಅಕ್ಷರದಲ್ಲಿ ಕಾಗದ ಬರೆದು ಅಂಟಿಸಿದ್ದೀಯಲ್ಲಾ, ಹಾಕುವಾಗ ಮೊದಲು ಎಲೆ ಮತ್ತೆ ಅನ್ನ, ತೆಗೆಯುವಾಗ ಮೊದಲು ಅನ್ನ ಮತ್ತೆ ಎಲೆ, ನೀಲಿ ಪೆನ್ನಿನಲ್ಲಿ! ಯಾರ ಮಾತು ಅದು? ಕೀರ್ತನ್ ಸರ್ ಹೇಳಿದ್ದಾ? ಒಂದು ಹೆಸರು ಬರೆಯುವಷ್ಟು ಶಾಯಿ ಇರಲಿಲ್ವಾ ನಿನ್ನ ಪೆನ್ನಿನಲ್ಲಿ?

…

ಎಂತ? ಯಾಕೆ ಹಾಗೆ ನೋಡ್ತೀ?

ಅಲ್ಲ ಅಂತ ಹೇಳು, ಹೌದು ಅಂತ ಹೇಳು. ನಾನು ಕೇಳಿದ್ದಕ್ಕೆ ಉತ್ತರ ಕೊಡು. ಹೆಸರು ಯಾಕೆ ಬರೆಯಲಿಲ್ಲ?

ಅದು… ಕಾಗದದ ಸಂಗತಿ ನನಗೆ ಹೇಗೆ ಗೊತ್ತು ಅಂತಲಾ? ಪೇಪರಿನ ಫೋಟೋದಲ್ಲಿ ಕಂಡಿತು. ಫೋಟೋದಲ್ಲಿ ಪೆಟ್ಟಿಗೆ ಮುಚ್ಚಿತ್ತಾ? ಹಾಗಾದರೆ ವೆರೊನಿಕಾ ಬಾಯಿ ಹೇಳಿರಬೇಕು. ಹೌದು, ಅವರೇ ಹೇಳಿದ್ದು, ಫೋನಿನಲ್ಲಿ. ಅವರಿಗೆ ಕನ್ನಡ ಓದಲಿಕ್ಕೆ… ಬರುವುದಿಲ್ಲ ಅಲ್ವಾ. ಹೌದು. ಬರುವುದಿಲ್ಲ. ಮುಂಬೈಯಲ್ಲಿ ಕಲಿತವರು.

ಚಾ ಕುಡಿ ರೀನಾ. ಕೆನೆ ಕಟ್ಟಿತು.

ಫೋನು ಎಂತಕ್ಕೆ ತೆಗೆದಿ? ಯಾರಿಗೆ ಮಾಡ್ತೀ? ನನಗೆ ತೋರಿಸುವುದಾ… ತಡಿ, ಕನ್ನಡಕ. ಎಂತ ಇದು? ನಿನ್ನ ಪೆಟ್ಟಿಗೆ. ಸೋಮವಾರ ಸಂಜೆ ತೆಗೆದದ್ದು. ನೀನು ಅದನ್ನು ಬಿಚ್ಚುವ ಮೊದಲು. ಆಯ್ತು, ಪೆಟ್ಟಿಗೆ. ಎಂತ ನೋಡಬೇಕು ಇದರಲ್ಲಿ? ದೊಡ್ಡದು ಮಾಡಿ ತೋರಿಸ್ತೀ… ಸ್ಕ್ರೂ…

ನಾಲ್ಕರ ಗೀಟೂ ನೆಟ್ಟಗೆ ಉಂಟು.

…

ಕೈಯ ಅಭ್ಯಾಸ ರೀನಾ. ಇಪ್ಪತ್ತು ವರ್ಷದ್ದು. ಅದು ನನ್ನನ್ನು ಕೇಳಿ ಮಾಡುವುದಿಲ್ಲ. ಅಂಥಾ ಹೊತ್ತಿನಲ್ಲಿಯೂ… ನಾಲ್ಕೂ ನೆಟ್ಟಗೆ ನಿಲ್ಲಿಸಿದ್ದೇನೆ ನೋಡು. ಎಂತ ಸಾವು.

ಹಾಗಾದರೆ ನಿನಗೆ ಸೋಮವಾರವೇ ಗೊತ್ತಿತ್ತು. ಇವತ್ತು ಶುಕ್ರವಾರ. ನಾಲ್ಕು ದಿನ ಊರವರ ಬಾಯಲ್ಲಿ ಆಗುವುದಿಲ್ಲ ಅಂತ ಕೇಳ್ತಾ ಸುಮ್ಮನೆ ಕೂತಿದ್ದೀಯಲ್ಲಾ… ನಾನೇ ಬಂದು ಹೇಳ್ತೇನೆ ಅಂತ ಕಾಯ್ತಾ ಇದ್ದಿಯಾ? ಈಗಲೂ, ಬಂದಾಗಿನಿಂದ, ಬಾವನ ಕತೆ, ಫ್ಲೋಟಿನ ಕತೆ ಎಲ್ಲ ಕೇಳಿಕೊಂಡು, ನಗಾಡಿಕೊಂಡು…

ನೋಡಿ ಬರುವ ಅಂತಲೇ ಹೋದದ್ದು. ನೋಡಲಿಕ್ಕೆ ಮಾತ್ರ. ಕಾಪುವಿನಲ್ಲಿ ಒಂದು ಮನೆಯ ಕೆಲಸ ಮುಗಿಸಿ ಬರುವಾಗ ಸ್ಕೂಟರು ಶಂಕರಪುರದ ದಾರಿಗೆ ತಿರುಗಿತು. ನಾನೇ ತಿರುಗಿಸಿದ್ದು, ಹೌದು. ನೀವೆಲ್ಲ ಇಗರ್ಜಿಯಲ್ಲಿ ಇರ್ತೀರಿ ಅಂತಲೂ ಗೊತ್ತಿತ್ತು. ಮಳೆ ಬಿಟ್ಟು ಮಧ್ಯಾಹ್ನದ ಬಿಸಿಲು, ಕಣ್ಣು ಬಿಡಲಿಕ್ಕೆ ಆಗ್ತಾ ಇರಲಿಲ್ಲ. ವೆರೊನಿಕಾ ಬಾಯಿಯ ಮನೆಯ ಪ್ಯಾನಲ್ ಹಿಂದೆ ನಾನೇ ಹಾಕಿದ್ದಲ್ವಾ, ಅವರ ನಾಯಿಗೂ ನನ್ನ ಗುರುತು, ಬೊಗಳಲಿಲ್ಲ. ಪೆಟ್ಟಿಗೆ ಬಿಚ್ಚಿದೆ. ಒಂದು ತಪ್ಪು ಸಿಗಲಿ ಅಂತ ಬಿಚ್ಚಿದ್ದು ರೀನಾ. ಒಂದೇ ಒಂದು. ಒಂದು ವಯರಿನ ತುದಿ ಸಡಿಲ ಇರಲಿ, ಒಂದು ಕಡೆ ಬಣ್ಣ ತಪ್ಪಿರಲಿ, ಮನೆಗೆ ಹೋಗಿ ಸಮಾಧಾನದಲ್ಲಿ ಊಟ ಮಾಡ್ತೇನೆ ಅಂತ.

ಸಿಗಲಿಲ್ಲ.

ಅಷ್ಟು ಚೆಂದ ನಾನು ಯಾವತ್ತೂ ಮಾಡಿದವಳಲ್ಲ. ನನ್ನದು ಗಟ್ಟಿ ಇರ್ತದೆ. ಚೆಂದ ಇರುವುದಿಲ್ಲ. ನಿನ್ನದು ಗಟ್ಟಿಯೂ ಉಂಟು, ಚೆಂದವೂ ಉಂಟು. ವಯರೆಲ್ಲ ಜಡೆ ಹೆಣೆದ ಹಾಗೆ. ಒಂದೊಂದಕ್ಕೂ ಹೆಸರಿನ ಚೀಟಿ. ನಾನು ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದೆ, ನೋಡಿದೆ. ಆಮೇಲೆ ಆ ಕಾಗದ ಕಂಡಿತು. ಮೊದಲು ಎಲೆ, ಮತ್ತೆ ಅನ್ನ. ನನ್ನ ಮಾತು. ನನ್ನ ಹೆಸರಿಲ್ಲ.

ಕೆಂಪು ವಯರು ತೆಗೆದೆ. ಬ್ಯಾಟರಿಯದ್ದು. ಪ್ಯಾನಲ್ ಹಾಗೆಯೇ ಇತ್ತು. ಗೊತ್ತಿದ್ದೇ ತೆಗೆದದ್ದು. ಕೈ ಜಾರಿತು ಅಂತ ಹೇಳುವುದಿಲ್ಲ, ನನ್ನ ಕೈ ಜಾರುವುದಿಲ್ಲ, ನಿನಗೆ ಗೊತ್ತುಂಟು. ಅನ್ನ ಬೀಳ್ತಾ ಇರುವಾಗ ಎಲೆ ಎಳೆದೆ. ಒಳಗಿನ ಫ್ಯಾನು ಒಮ್ಮೆ ಹುಚ್ಚು ಹಿಡಿದ ಹಾಗೆ ತಿರುಗಿತು, ಒಂದು ಸಣ್ಣ ಶಬ್ದ ಬಂತು, ನಿಂತಿತು. ಪುನಃ ವಯರು ಹಾಕಿದೆ, ಮುಚ್ಚಿದೆ. ಹೂವಿನ ನೆನಪು ಬಂದದ್ದು ಹಿರಿಯಡ್ಕಕ್ಕೆ ಬಂದ ಮೇಲೆ. ನಿಜವಾಗಿ. ಅಷ್ಟು ಹೊತ್ತೂ ಅದರೊಳಗೆ ಹೂ ಉಂಟು ಅಂತಲೇ ತಲೆಗೆ ಹೋಗಲಿಲ್ಲ. ಅದು ನಿನ್ನ ಪೆಟ್ಟಿಗೆ, ಅಷ್ಟೇ ಗೊತ್ತಿದ್ದದ್ದು.

ಬೈ. ಒಮ್ಮೆ ಬೈದುಬಿಡು. ಆದರೆ ನೀನೂ ಒಂದು ಹೇಳು, ಒಂದು ಹೆಸರು ಬರೆದಿದ್ದರೆ, ಸಣ್ಣದಾಗಿ, ಮೂಲೆಯಲ್ಲಿ… ಒಂದು ಹೆಸರು ಇದ್ದಿದ್ದರೆ ನಾನು ಅದನ್ನು ಮುಟ್ಟುತ್ತಾ ಇದ್ದೆನಾ?

ಚೀಲದಲ್ಲಿ ಇನ್ನೂ ಎಂತ ಉಂಟು?

ಓ. ಅದೇ ಕಾಗದ. ಕಿತ್ತು ತಂದಿದ್ದೀ. ಒಂದು ಕಡೆ ಕರಟಿದೆ ಪಾಪ. ಗೊತ್ತುಂಟು, ಓದಿದ್ದೇನೆ. ಪುನಃ ಓದಬೇಕಾ? ಆಯ್ತು. "ಹಾಕುವಾಗ ಮೊದಲು ಎಲೆ, ಮತ್ತೆ ಅನ್ನ. ತೆಗೆಯುವಾಗ ಮೊದಲು ಅನ್ನ, ಮತ್ತೆ ಎಲೆ." ಆಯ್ತಲ್ಲಾ. ಇಷ್ಟೇ… ಕೆಳಗೆ ಇನ್ನೊಂದು ಗೆರೆ ಉಂಟು. "ಇದು… ಇದು ಕಲಿಸಿದವರು ನನ್ನ ಗುರು, ಹಿರಿಯಡ್ಕದ ಪುಷ್ಪಕ್ಕ."

…

ಇದು ಇರಲಿಲ್ಲ. ಈಗ ಬರೆದದ್ದಾ? ಅಲ್ಲ. ಅದೇ ನೀಲಿ. ಕರಟಿದ ಗುರುತು ಇದರ ಮೇಲೂ ಬಂದಿದೆ. ಕಪ್ಪು ವಯರು ಇತ್ತು ಇಲ್ಲಿ, ಅಲ್ವಾ? ಕಾಗದದ ಕೆಳಗಿನ ಅಂಚಿಗೆ ಸರಿಯಾಗಿ ಕಪ್ಪು ವಯರು ಅಡ್ಡ ಹೋಗಿತ್ತು. ಒಂದು ಬೆರಳಿನಲ್ಲಿ ಸರಿಸಿದ್ದರೆ…

ಕೊನೆಯ ಗೆರೆ ನಾನು ಓದಲಿಲ್ಲ ರೀನಾ.

ಎಲ್ಲಿಗೆ? ಹೊರಟದ್ದಾ? ತಡಿ, ಒಂದು ನಿಮಿಷ. ಮೇಲಿನ ಹಲಗೆಯಲ್ಲಿ ಹೊಸ ಕಂಟ್ರೋಲರ್ ಉಂಟು, ಇದಕ್ಕಿಂತ ಒಳ್ಳೆಯದು. ಫ್ಯಾನೂ ಉಂಟು. ತೆಗೊಂಡು ಹೋಗು. ಬೇಡವಾ? ಸರಿ, ನಾನೇ ತರ್ತೇನೆ. ನಾಲ್ಕು ಗಂಟೆಗೆ. ಹನ್ನೆರಡು ಮನೆಯವರ ಎದುರು, ವೆರೊನಿಕಾ ಬಾಯಿಯ ಎದುರು, ನಾನೇ ಎದ್ದು ನಿಂತು ಹೇಳ್ತೇನೆ. ಹುಡುಗಿಗೆ ಅವಸರ ಅಂತ ಅಲ್ಲ. ಪುಷ್ಪಾವತಿ ಪೆಟ್ಟಿಗೆ ಬಿಚ್ಚಿದಳು, ಪುಷ್ಪಾವತಿ ವಯರು ತೆಗೆದಳು, ಹುಡುಗಿಯ ಕೆಲಸದಲ್ಲಿ ಒಂದು ತಪ್ಪು ಇರಲಿಲ್ಲ, ಹುಡುಕಿದವಳಿಗೇ ಸಿಗಲಿಲ್ಲ ಅಂತ. ಆಮೇಲೆ ಅಜೆಕಾರಿನಿಂದ ಕಾಪುವರೆಗೆ ನನ್ನನ್ನು ಯಾರು ಮನೆಗೆ ಕರೀತಾರೆ, ಬಿಡ್ತಾರೆ… ಅದು ನಾಳೆಯ ಮಾತು.

ಸ್ಕೂಟರಿನಲ್ಲಿ ಒಟ್ಟಿಗೆ ಹೋಗುವ ಅಂದಿದ್ದೆ. ಬಸ್ಸಿಗೆ ಹೋಗ್ತೀಯಾ? ಆಯ್ತು. ಹೋಗು. ಕಾಗದ ಬಿಟ್ಟು ಹೋಗ್ತೀ, ಮೇಜಿನ ಮೇಲೆ ಉಂಟು… ಬೇಕಂತಲೇ ಬಿಟ್ಟದ್ದಾ? ನನಗಾ?

ಇರಲಿ. ಬಾಗಿಲಲ್ಲಿ ನಿಂತಿದ್ದೀಯಲ್ಲಾ, ಒಮ್ಮೆ ಈ ಕಡೆ ನೋಡು. ಬಾವನಿಗೆ ತೋರಿಸಿದ ಹಾಗೆ ನಿನಗೂ ತೋರಿಸ್ತೇನೆ. ಈ ಅಂಗಡಿ ನನ್ನದು. ಬೋರ್ಡಿನ ಹೆಸರು ನನ್ನದು. ಆ ಹಲಗೆ ತುಂಬ ಪುಸ್ತಕ ನನ್ನದು, ಎ ಅಕ್ಷರ ಇಲ್ಲದ ಆ ಡಿಕ್ಷನರಿ ಕೂಡ. ಮೀಟರು, ಏಣಿ, ಸ್ಕೂಟರು, ಎಲ್ಲ ನನ್ನದು. ಯಾರ ಹತ್ರವೂ ಕೈ ಒಡ್ಡಲಿಲ್ಲ. ಸ್ಟೂಲ್ ಎರಡುಂಟು. ಒಂದು ನನ್ನದು, ಒಂದು ರೀನಾನದ್ದು ಅಂತ ಇಷ್ಟು ವರ್ಷ ಕೇಳಿದವರಿಗೆಲ್ಲ ಹೇಳ್ತಾ ಇದ್ದೆ.

ಇವತ್ತಿನಿಂದ ಎರಡೂ ನನ್ನದೇ.